ಬಾಗಿಲ ಸಂದಿಯ ಕ್ರೋಶಾ ದಾರ

ಮಿಷನ್ ಆನ್ ಮಾಡುವ ಮೊದಲು ಎಲ್ಲರೂ ಹೊರಗೆ ಬರಬೇಕು. ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಕೋಣೆಯಲ್ಲಿ ಈ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ. ಡಾಕ್ಟರಾಗಲಿ, ಗಂಡನಾಗಲಿ, ಹೆತ್ತ ತಾಯಿಯೇ ಆಗಲಿ, ರೋಗಿಯನ್ನು ಮೇಜಿನ ಮೇಲೆ ಬಿಟ್ಟು ಹೊರಗೆ ಬರಲೇಬೇಕು. ಕೊನೆಗೆ ಬರುವವಳು ನಾನು. ಒಳಗೆ ಯಾರೂ ಉಳಿದಿಲ್ಲ ಎಂದು ಒಮ್ಮೆ ತಿರುಗಿ ನೋಡಿ, ಗೋಡೆಯ ಗುಂಡಿ ಒತ್ತಿ, ಸೀಸ ತುಂಬಿದ ಬಾಗಿಲು ಜಾರಿ ಮುಚ್ಚುವ ತನಕ ನಿಂತಿರುತ್ತೇನೆ. ಆಮೇಲೆ ರೋಗಿ ನಮಗೆ ಕ್ಯಾಮೆರಾ ಪರದೆಯ ಮೇಲಿನ ಒಂದು ಬೂದು ಆಕಾರ, ಅಷ್ಟೇ.

ನನ್ನನ್ನು ಜನ ಟೆಕ್ನಿಷಿಯನ್ ಅನ್ನುತ್ತಾರೆ. ನಾನು ಟೆಕ್ನಾಲಜಿಸ್ಟ್. ಇದಕ್ಕೆ ಡಿಗ್ರಿ ಇದೆ, ನಾನು ಅದನ್ನು ಓದಿ ಪಾಸು ಮಾಡಿದ್ದೇನೆ, ನಮ್ಮ ವಂಶದಲ್ಲಿ ಮೊದಲನೆಯವಳು. ಸರ್ಟಿಫಿಕೇಟಿಗೆ ಅಮ್ಮ ಫ್ರೇಮ್ ಹಾಕಿಸಿ, ಬಾಣಸವಾಡಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಬಾಗಿಲು ತೆಗೆದ ತಕ್ಷಣ ಕಾಣುವ ಗೋಡೆಗೆ ತೂಗುಹಾಕಿದ್ದಾಳೆ. ಅದರ ಪಕ್ಕ ಅಪ್ಪನ ಫೋಟೋ. ಅಪ್ಪ ಶಿವಾಜಿನಗರದ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಊದುತ್ತಿದ್ದವರು. ಮದುವೆಗೆ ಕೆಂಪು ಕೋಟು, ಸಾವಿಗೆ ಕಪ್ಪು ಕೋಟು. ಫೋಟೋದಲ್ಲಿ ಕೆಂಪು ಕೋಟು ಹಾಕಿದ್ದಾರೆ.

ಒಂದು ಬೆಳಿಗ್ಗೆ ಹೊಸ ರೋಗಿಯ ಫೈಲು ತೆಗೆದೆ. ಹೆಸರಿನಿಂದ ಗುರುತು ಸಿಗಲಿಲ್ಲ. ವಿಳಾಸ ಹಲಸೂರು. ತಲೆಯೆತ್ತಿದರೆ ಎದುರಿಗೆ ಪ್ರಾರ್ಥನೆ ಅಮ್ಮ.

ಅವರನ್ನು ನಾವ್ಯಾರೂ ಬೇರೆ ಹೆಸರಿನಿಂದ ಕರೆದೇ ಇರಲಿಲ್ಲ. ನಮ್ಮದು ಚಿಕ್ಕ ಸಭೆ, ಚರ್ಚು ಅನ್ನುವುದಕ್ಕಿಂತ ಒಂದು ಶೀಟಿನ ಹಾಲ್. ಸಭೆಯವರು ಯಾರ ಮನೆಯಲ್ಲಿ ಹಾಸಿಗೆ ಹಿಡಿದರೂ ಈ ಹೆಂಗಸು ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ತಲೆಯ ಕಡೆ ಕೂರುತ್ತಿರಲಿಲ್ಲ. "ತಲೆ ಹತ್ರ ಮನೆಯವರು ಕೂತ್ಕೊಳ್ಳಿ, ಕಾಲು ನನಗಿರ್ಲಿ" ಎಂದು ಮಂಚದ ಕೆಳತುದಿಯಲ್ಲಿ ಕೂತು, ರೋಗಿಯ ಎರಡೂ ಪಾದ ಮಡಿಲಿಗೆ ಎಳೆದುಕೊಂಡು, ಹಿಡಿದೇ ಪ್ರಾರ್ಥನೆ ಮಾಡುತ್ತಿದ್ದರು. ಅಪ್ಪನ ಶ್ವಾಸಕೋಶ ಕೈಕೊಟ್ಟಾಗ ಅವರ ಪಾದ ಹಿಡಿದವರೂ ಇವರೇ. "ದೇವರು ಇಲ್ಲೇ ಇದ್ದಾರೆ ಕಣಪ್ಪ, ನಿನ್ನ ಪಕ್ಕದಲ್ಲೇ" ಎಂದು ಅವರು ಹೇಳಿದಾಗ ಅಪ್ಪ ನಿಜವಾಗಲೂ ಪಕ್ಕಕ್ಕೆ ತಿರುಗಿ ನೋಡಿದ್ದರು. ಅದು ನನಗೆ ಮರೆತಿಲ್ಲ.

"ನೀನಾ?" ಅಂದರು ಪ್ರಾರ್ಥನೆ ಅಮ್ಮ. ಮಾತು ಆಗಲೇ ತೊದಲುತ್ತಿತ್ತು, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ. "ನೋಡೇ," ಎಂದು ಪಕ್ಕದಲ್ಲಿದ್ದ ತಂಗಿಗೆ ಹೇಳಿದರು, "ಬ್ಯಾಂಡ್‌ನವರ ಮಗಳು. ನಮ್ಮ ಹುಡುಗೀನೇ ಇದ್ದಾಳೆ. ಇನ್ನೇನು ಭಯ."

ಗಡ್ಡೆ ನಾಲಿಗೆಯ ಬುಡದಲ್ಲಿತ್ತು. ಕೊಯ್ದು ತೆಗೆಯುವ ಜಾಗವಲ್ಲ. ವಾರಕ್ಕೊಮ್ಮೆ ಕೀಮೋ, ಶನಿವಾರ ಭಾನುವಾರ ಬಿಟ್ಟು ದಿನವೂ ರೇಡಿಯೇಷನ್, ಒಂದೂವರೆ ತಿಂಗಳ ಮೇಲೆ. ಡಾಕ್ಟರ್ ಅಕ್ಕತಂಗಿಯರನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: "ಪೂರ್ತಿ ಮುಗಿಸಿದ್ರೆ ಒಂದು ಅವಕಾಶ ಇದೆ. ನಡುವೆ ನಿಲ್ಲಿಸಿದ್ರೆ ಇಲ್ಲ. ಗ್ಯಾಪ್ ಬಿದ್ದಷ್ಟೂ ಗಡ್ಡೆ ಮತ್ತೆ ಬೆಳೆಯುತ್ತೆ. ಅದು ಉಸಿರಿನ ದಾರೀಲೇ ಕೂತಿದೆ."

ಮೊದಲು ಮಾಸ್ಕ್ ಮಾಡಬೇಕು. ತಲೆ, ಕತ್ತಿನ ರೋಗಿಗಳು ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೆ ಮುಖದ ಅಳತೆಗೇ ಒಂದು ಪ್ಲಾಸ್ಟಿಕ್ ಜಾಲರಿ ತಯಾರಿಸುತ್ತೇವೆ. ಬಿಸಿನೀರಿನ ತೊಟ್ಟಿಗೆ ಹಾಕಿದರೆ ಗಟ್ಟಿ ಹಾಳೆ ಮೆತ್ತಗಾಗಿ, ಶಿವಾಜಿನಗರದ ರುಮಾಲಿ ರೊಟ್ಟಿಯ ಹಾಗೆ ಜೋತುಬೀಳುತ್ತದೆ. ಇಬ್ಬರು ಆ ಕಡೆ ಈ ಕಡೆ ಹಿಡಿದು ಮುಖದ ಮೇಲೆ ಎಳೆದು, ಭುಜದ ತನಕ ತಂದು ಹಲಗೆಗೆ ಸಿಕ್ಕಿಸುತ್ತೇವೆ. ಮೂಗು, ಗಲ್ಲ, ಹುಬ್ಬಿನ ಏಣು ಬೆರಳಲ್ಲಿ ಒತ್ತಿ ಕೂರಿಸುತ್ತೇವೆ. ಆರಿದರೆ ಕಲ್ಲು.

"ಮೀನಿನ ಬಲೆ ಇದ್ದ ಹಾಗಿದೆಯಲ್ಲೇ," ಅಂದರು ಪ್ರಾರ್ಥನೆ ಅಮ್ಮ.

"ಇವತ್ತು ನೀವೇ ಮೀನು. ಅಲ್ಲಾಡ್ಬಾರ್ದು."

"ಬಲೇಲಿ ಬಿದ್ದ ಮೀನು ಅಲ್ಲಾಡದೆ ಇರುತ್ತೇನೇ?"

ತಮಾಷೆಗೆ ಅಂದದ್ದು. ಆದರೆ ಮರುವಾರ ಮಿಷನ್ ಮೇಲೆ ಅದೇ ಆಯಿತು.

ಮಾಸ್ಕ್ ಹಾಕಿ ಬಿಗಿದೆವು. ಗೋಡೆಯಿಂದ ಬರುವ ಲೇಸರಿನ ಕೆಂಪು ಗೆರೆಗಳನ್ನು ಮಾಸ್ಕಿನ ಮೇಲಿನ ಗುರುತುಗಳಿಗೆ ಕೂರಿಸಿದೆವು. "ತಡೆಯೋಕಾಗದಿದ್ರೆ ಬಲಗೈ ಎತ್ತಿ, ನಾವು ನೋಡ್ತಿರ್ತೀವಿ" ಎಂದು ಹೇಳಿ ಹೊರಗೆ ಬಂದೆವು. ಬಾಗಿಲು ಮುಚ್ಚಿತು. ಪರದೆಯ ಮೇಲೆ ಕೈ ಎದ್ದಿತು. ಓಡಿಹೋಗಿ ಬಿಚ್ಚಿದೆವು. ನೀರು ಕುಡಿಸಿ ಮತ್ತೆ ಬಿಗಿದೆವು. ಬಾಗಿಲು ಮುಚ್ಚಿತು, ಮತ್ತೆ ಕೈ. ಆ ದಿನ ಡೋಸ್ ಹೋಗಲೇ ಇಲ್ಲ.

ಮಾರನೆಯ ದಿನ ಕೈ ಏಳಲಿಲ್ಲ. ಖುಷಿಯಾಯಿತು. ಕಿರಣದ ಬೀಮ್ ಬಿಡುವ ಮೊದಲು ಎಕ್ಸ್‌ರೇ ತೆಗೆದು, ಮೂಳೆ ನಾವು ಮೊದಲೇ ಸ್ಕ್ಯಾನ್ ನೋಡಿ ಹಾಕಿದ ಪ್ಲಾನಿನಲ್ಲಿದ್ದ ಜಾಗದಲ್ಲೇ ಇದೆಯೇ ಎಂದು ತಾಳೆ ನೋಡುವುದು ಪದ್ಧತಿ. ನನ್ನ ಜೊತೆ ಕೆಲಸ ಮಾಡುವವನು ಫ್ರೇಜರ್ ಟೌನಿನ ಹುಡುಗ, ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಬೆಂಗಳೂರು ಕನ್ನಡ. ಅವನು ಪರದೆಗೆ ಬೆರಳಿಟ್ಟ.

"ಗುರು, ದವಡೆ ನೋಡು. ಎಲ್ಲಿರ್ಬೇಕೋ ಅಲ್ಲಿಲ್ಲ."

ಸರಿಮಾಡಿ ಬಂದೆವು. ಮತ್ತೆ ಜಾರಿತು. ಕ್ಯಾಮೆರಾ ಹತ್ತಿರಕ್ಕೆ ತಂದು ನೋಡಿದರೆ ಮಾಸ್ಕಿನ ಒಳಗೆ ಗಂಟಲು ಒಂದೇ ಸಮ ಆಡುತ್ತಿದೆ. ಒಳಗೆ ಹೋಗಿ ಬಿಚ್ಚಿ ಕೇಳಿದೆ.

"ಅಮ್ಮ, ಮಾತಾಡ್ತಿದ್ರಾ?"

"ಮಾತಲ್ಲ ಮಗಳೇ, ಪ್ರಾರ್ಥನೆ."

"ಮಿಷನ್ನಿಗೆ ಎರಡೂ ಒಂದೇ. ಮನಸ್ಸಲ್ಲೇ ಮಾಡಿ."

"ಮನಸ್ಸಲ್ಲಿ ಮಾಡಿದ್ರೆ ಭಯ ಬರುತ್ತೆ. ಬಾಯಲ್ಲಿ ಮಾಡ್ತಿದ್ರೆ ಬರಲ್ಲ."

ನನ್ನ ಜೊತೆಯವನಿಗೆ ಇದು ಅರ್ಥವಾಗಲಿಲ್ಲ, ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಸಭೆಯಲ್ಲಿ ಪ್ರಾರ್ಥನೆ ಎಂದರೆ ಎಲ್ಲರೂ ಒಟ್ಟಿಗೆ, ಎದೆಯಿಂದ, ಗಟ್ಟಿಯಾಗಿ. ಸುಮ್ಮನೆ ಕಣ್ಣು ಮುಚ್ಚಿ ಕೂತವನನ್ನು ಪಕ್ಕದವರು ನಿದ್ದೆ ಮಾಡುತ್ತಿದ್ದಾನೆ ಎಂದು ತಿವಿಯುತ್ತಾರೆ. ಬುದ್ಧಿ ಬಂದಾಗಿನಿಂದ ಹಾಗೇ ದೇವರನ್ನು ಕರೆದವರಿಗೆ ನಾಲಿಗೆ ಅಲ್ಲಾಡಿಸದೆ ಕರೆ ಅಂದರೆ, ಉಸಿರಾಡದೆ ಬದುಕು ಅಂದ ಹಾಗೆ. ಅದರ ಮೇಲೆ, ನಾವು ಸುಡಬೇಕಾದ ಜಾಗವೇ ಆ ನಾಲಿಗೆ.

ನಿದ್ದೆ ಬರಿಸಿ ಕೊಡೋಣವೇ ಎಂದು ಡಾಕ್ಟರನ್ನು ಕೇಳಿದೆ. ಆಗುವುದಿಲ್ಲ ಅಂದರು, ಉಸಿರಿನ ದಾರಿಯಲ್ಲಿ ಗಡ್ಡೆ ಇರುವವರಿಗೆ ಮಂಪರು ಕೊಟ್ಟರೆ ಮೇಜಿನ ಮೇಲೇ ಹೋಗಬಹುದು. "ಇನ್ನೆರಡು ದಿನ ನೋಡೋಣ. ಆಗ್ಲಿಲ್ಲ ಅಂದ್ರೆ ನಿಲ್ಲಿಸ್ಬಿಡೋಣ. ಅರ್ಧಂಬರ್ಧ ಕೊಟ್ರೆ ಚರ್ಮ ಸುಟ್ಟಿದ್ದೊಂದೇ ಲಾಭ."

ಆ ಮಧ್ಯಾಹ್ನ ಪ್ರಾರ್ಥನೆ ಅಮ್ಮ ವೇಟಿಂಗ್ ಹಾಲಿನ ಬೆಂಚಿನಲ್ಲಿ ಆಟೋಗೆ ಕಾಯುತ್ತಿದ್ದರು. ತಂಗಿ ಪಕ್ಕದಲ್ಲಿ ಕೊಕ್ಕೆಸೂಜಿ ಹಿಡಿದು ಕ್ರೋಶಾ ಹಾಕುತ್ತಿದ್ದರು, ಸಭೆಯ ಮೇಜಿಗೆ ಬಿಳಿ ಬಟ್ಟೆ. ನಾನು ಹೋಗಿ ಕೂತೆ.

"ಎಷ್ಟು ಮನೇಲಿ ಹೇಳಿದೀನಿ ಗೊತ್ತೇನೇ," ಅಂದರು, "ದೇವರು ನಿಮ್ಮ ಪಕ್ಕದಲ್ಲೇ ಇದ್ದಾರೆ ಅಂತ. ನಿಮ್ಮಪ್ಪಂಗೂ ಹೇಳ್ದೆ. ನೀವೆಲ್ಲ ಹೊರಗೆ ಹೋಗಿ ಬಾಗಿಲು ಹಾಕ್ಕೊಂಡ್ಮೇಲೆ ಒಳಗೆ ಯಾರೂ ಇರಲ್ಲ ಕಣೇ. ನಾನು ಹುಡುಕ್ದೆ. ಇಲ್ಲ."

ಅಳುತ್ತಾ ಹೇಳಲಿಲ್ಲ. ಡಬ್ಬದಲ್ಲಿ ಅಕ್ಕಿ ಮುಗಿದಿದೆ ಎನ್ನುವ ಹಾಗೆ ಹೇಳಿದರು. ತಂಗಿಯ ಕೈ ನಿಂತಿತು. "ಹಾಗನ್ಬೇಡಕ್ಕ," ಅಂದರು.

"ಇಲ್ಲದ್ದನ್ನ ಇದೆ ಅನ್ಲಾ?"

ನನಗೆ ಉತ್ತರ ಗೊತ್ತಿತ್ತು, ಭಾನುವಾರದ ಶಾಲೆಯಲ್ಲಿ ಕಲಿತದ್ದು. ಕಲಿಸಿದವರು ಅವರೇ. ಅದನ್ನೇ ವಾಪಸ್ಸು ಅವರ ಮುಂದೆ ಒಪ್ಪಿಸಲು ಬಾಯಿ ಬರಲಿಲ್ಲ. ತಂಗಿಯ ಚೀಲದಿಂದ ದಾರದ ಉಂಡೆ ಉರುಳಿ ಬೆಂಚಿನ ಕೆಳಗೆ ಹೋಗಿತ್ತು. ಎತ್ತಿಕೊಡಲು ಬಗ್ಗಿ, ಅದನ್ನು ಕೈಯಲ್ಲಿ ಹಿಡಿದು ಹಾಗೇ ಕೂತೆ. ಕಾಲೇಜಿನಲ್ಲಿ ಒಬ್ಬರು ಮೇಷ್ಟ್ರು ಯಾವಾಗಲೋ ಹೇಳಿದ್ದರು: ಚಿಕ್ಕ ಮಕ್ಕಳಿಗೆ ರೇಡಿಯೇಷನ್ ಕೊಡುವಾಗ ಮಗುವಿನ ಕೈಗೆ ದಾರದ ಒಂದು ತುದಿ, ಹೊರಗೆ ತಾಯಿಯ ಕೈಗೆ ಇನ್ನೊಂದು ತುದಿ ಕೊಡುವುದುಂಟು. ಪರೀಕ್ಷೆಗೆ ಬರುವ ವಿಷಯವಲ್ಲವೆಂದು ಯಾರೂ ಬರೆದುಕೊಂಡಿರಲಿಲ್ಲ.

ಸಂಜೆ ದಾರದ ಉಪಾಯ ಹೇಳಲು ಫಿಸಿಸಿಸ್ಟ್ ಮೇಡಂ ಹತ್ತಿರ ಹೋದೆ. ಮಿಷನ್ನಿನ ಲೆಕ್ಕ, ಸುರಕ್ಷತೆ ಎಲ್ಲ ಅವರದು. ಅವರು ನಗಲಿಲ್ಲ, ಪ್ರಶ್ನೆ ಕೇಳಿದರು. ಮಿಷನ್ನಿನ ತಲೆ ರೋಗಿಯ ಸುತ್ತ ತಿರುಗುತ್ತದೆ, ದಾರ ಅದಕ್ಕೆ ಸಿಕ್ಕರೆ? ಮೇಜು ಒಳಗೆ ಸರಿಯುವಾಗ ದಾರ ಬಿಗಿದರೆ? ನಮ್ಮ ಕೋಣೆಗೆ ಬಾಗಿಲಿನಿಂದ ನೇರ ದಾರಿ ಇಲ್ಲ, ಕಿರಣ ಹೊರಗೆ ಬಾರದಂತೆ ತಿರುವಿನ ಓಣಿ ಕಟ್ಟಿದ್ದಾರೆ. ತಿರುವಿನಲ್ಲಿ ದಾರ ಗೋಡೆಗೆ ಉಜ್ಜುತ್ತದಲ್ಲ? ಒಂದೊಂದಕ್ಕೂ ದಾರಿ ಹುಡುಕಿದೆವು. ದಾರ ಮೇಜಿನ ಕಾಲ್ತುದಿಯಿಂದ ಮಾತ್ರ ಹೊರಡಬೇಕು. ತಿರುವಿನಲ್ಲಿ ಒಂದು ಡ್ರಿಪ್ ಸ್ಟ್ಯಾಂಡ್ ನಿಲ್ಲಿಸಿ ಅದರ ಕಂಬವನ್ನು ಬಳಸಿ ಹೋಗಬೇಕು. ಬಾಗಿಲ ಕೆಳಗಿನ ಸಂದಿಯಲ್ಲಿ ಹೊರಗೆ. ಸಾಕಷ್ಟು ಸಡಿಲ ಬಿಡಬೇಕು. ರೋಗಿ ಇಲ್ಲದೆ ಒಮ್ಮೆ ಮಾಡಿ ನೋಡಲು ನನ್ನ ಜೊತೆಯವನನ್ನೇ ಮೇಜಿನ ಮೇಲೆ ಮಲಗಿಸಿದೆ.

"ಎಳಿ ಗುರು, ಎಳಿ," ಎಂದು ಒಳಗಿಂದ ಕೂಗಿದ. "ಈ ತುದಿ ಹೀಗೇ ಇರ್ಲಿ, ಆ ತುದಿ ಮನೇಗೆ ಕಳ್ಸಿ ನನ್ನ ಹೆಂಡ್ತಿ ಕೈಗೆ ಕೊಟ್ಬಿಡು. ಫೋನ್ ಮಾಡೋ ಕಾಟ ತಪ್ಪುತ್ತೆ."

ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಅಮ್ಮನನ್ನು ಮಲಗಿಸಿ ವಿವರಿಸಿದೆ. ಮಾಸ್ಕ್ ಹಾಕುವ ಮೊದಲೇ ದಾರ ಕಟ್ಟಬೇಕಿತ್ತು. ಮಿಷನ್ನಿನ ತಲೆಯಿಂದ ಅತಿ ದೂರ ಇರುವುದು ಪಾದ. ಕೈ ಎರಡೂ ಸನ್ನೆಗೆ ಬಿಡುವಾಗಿರಲಿ ಎಂದು ಯೋಚಿಸಿ, ಬಲಗಾಲಿನ ಹೆಬ್ಬೆರಳಿಗೆ ದಾರ ಸುತ್ತಿ ಗಂಟು ಹಾಕಿದೆ. ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಇದೊಂದು ಬಿಟ್ಟು.

"ಏಯ್, ಏನೇ ಮಾಡ್ತಿದ್ದೀಯ?" ತಂಗಿ ನನ್ನ ರಟ್ಟೆ ಹಿಡಿದರು. ಮುಖ ಬಿಳಿಚಿತ್ತು. "ಬದುಕಿರೋರ ಹೆಬ್ಬೆರಳಿಗೆ ಯಾರಾದ್ರೂ ದಾರ ಕಟ್ತಾರಾ? ಕಪ್ಪು ಕೋಟು ಹಾಕ್ಕೊಂಡು ಹೆಣದ ಮುಂದೆ ಊದಿದೋರ ಮಗಳು ನೀನು, ಅಷ್ಟೂ ಗೊತ್ತಾಗಲ್ವಾ?"

ಗೊತ್ತಿತ್ತು. ಜೀವ ಹೋದ ಮೇಲೆ ಕಾಲು ಅಗಲವಾಗದಂತೆ ಎರಡೂ ಹೆಬ್ಬೆರಳು ಸೇರಿಸಿ ಕಟ್ಟುತ್ತಾರೆ, ಅಪ್ಪನಿಗೂ ಕಟ್ಟಿದ್ದರು. ಓದಿದ ತಲೆಗೆ ಆ ಕ್ಷಣ ಮಿಷನ್ನಿನ ಅಳತೆ ಬಿಟ್ಟು ಬೇರೇನೂ ಹೊಳೆದಿರಲಿಲ್ಲ. ಗಂಟು ಬಿಚ್ಚಲು ಹೋದರೆ ಅದು ಇನ್ನೂ ಬಿಗಿಯಿತು.

ಮೇಜಿನ ಮೇಲಿಂದ ಪ್ರಾರ್ಥನೆ ಅಮ್ಮನ ತೊದಲು ದನಿ ಬಂತು. "ಬಿಡೇ. ಒಂದಕ್ಕೆ ತಾನೆ ಕಟ್ಟಿರೋದು. ಎರಡೂ ಸೇರ್ಸಿ ಕಟ್ದಾಗ ಅಳೋವಂತೆ."

ನನ್ನ ಜೊತೆಯವನು ಗೋಡೆಯ ಕಡೆ ತಿರುಗಿಬಿಟ್ಟ, ಬೆನ್ನು ಕುಲುಕುತ್ತಿತ್ತು. ತಂಗಿಗೂ ಅಳು ನಗು ಒಟ್ಟಿಗೆ ಬಂತು. ದಾರ ಕತ್ತರಿಸಿ, ಈ ಸಲ ಎಡಗೈಯ ತೋರುಬೆರಳಿಗೆ ಸುತ್ತಿ, ಮೈ ಪಕ್ಕದಲ್ಲೇ ಕಾಲ್ತುದಿಯವರೆಗೆ ಒಯ್ದೆ. ಒಮ್ಮೆ ಎಳೆದರೆ "ಇದ್ದೀಯಾ", ಹೊರಗಿಂದ ಒಮ್ಮೆ ಎಳೆದರೆ "ಇದ್ದೀನಿ". ಇಷ್ಟೇ ಭಾಷೆ.

ಅಂದು ಡೋಸ್ ಹೋಯಿತು. ಬಾಗಿಲ ಹೊರಗೆ ಪ್ಲಾಸ್ಟಿಕ್ ಸ್ಟೂಲಿನಲ್ಲಿ ತಂಗಿ ದಾರ ಹಿಡಿದು, ಗಾಳ ಹಾಕಿದವರ ಹಾಗೆ ಕೂತಿದ್ದರು. ಪರದೆಯ ಮೇಲೆ ಒಂದು ಬೆರಳು ಮಡಿಯುವುದು, ಬಿಚ್ಚುವುದು ಕಾಣುತ್ತಿತ್ತು. ದವಡೆ ಇದ್ದಲ್ಲೇ ಇತ್ತು.

ಹೀಗೆ ವಾರಗಳು ನಡೆದವು. ನಾನು ಗೆದ್ದೆ ಅಂದುಕೊಂಡೆ. ವಿಭಾಗದಲ್ಲಿ ಎಲ್ಲರಿಗೂ ತೋರಿಸಿದೆ. ಫಿಸಿಸಿಸ್ಟ್ ಮೇಡಂ ಬೇರೆ ಆಸ್ಪತ್ರೆಯವರಿಗೂ ಹೇಳಿದರಂತೆ. ಆದರೆ ರೇಡಿಯೇಷನ್ ತನ್ನ ಕೆಲಸ ತಾನು ಮಾಡುತ್ತಿತ್ತು. ಬಾಯಿಯೊಳಗೆಲ್ಲ ಹುಣ್ಣು, ಕತ್ತಿನ ಚರ್ಮ ಕಪ್ಪಾಗಿ ಸುಲಿದು ನೀರು ಒಸರಿತು. ನೀರು ನುಂಗಲೂ ಆಗದೆ ಮೂಗಿನಲ್ಲಿ ಟ್ಯೂಬ್ ಹಾಕಿದರು. ದನಿ ಪಿಸುಮಾತಿಗೆ ಇಳಿಯಿತು. ಮೈ ಎಷ್ಟು ಇಳಿಯಿತೆಂದರೆ ಮಾಸ್ಕಿನೊಳಗೆ ಮುಖ ಲೊಡಲೊಡ ಅನ್ನತೊಡಗಿತು. ಬೇರೆ ಮಾಸ್ಕ್ ಮಾಡಿ, ಮತ್ತೆ ಸ್ಕ್ಯಾನ್, ಮತ್ತೆ ಪ್ಲಾನ್. ಡಾಕ್ಟರ್ ಬೇಡವೆಂದಿದ್ದ ಗ್ಯಾಪ್ ಹಾಗೆ ಬಿದ್ದೇ ಬಿತ್ತು.

ಒಂದು ದಿನ ಸಭೆಯ ಹೆಂಗಸರು ಪಾಸ್ಟರ್ ಜೊತೆ ಬಂದರು. ವೇಟಿಂಗ್ ಹಾಲಿನಲ್ಲೇ ಸುತ್ತ ನಿಂತು ಪ್ರಾರ್ಥನೆ ಶುರುಮಾಡಿದರು. ಸೆಕ್ಯೂರಿಟಿಯವನು ಬಂದು ನನ್ನ ಮುಖ ನೋಡಿದ. ಸ್ವಲ್ಪ ಹೊತ್ತು ಬಿಡಪ್ಪ ಅಂದೆ. ಮುಗಿದ ಮೇಲೆ ಪಾಸ್ಟರ್ ನನ್ನ ಕಡೆ ತಿರುಗಿದರು.

"ಕೊನೆ ದಿನ ಆದ್ಮೇಲೆ ಬರೋ ಭಾನುವಾರ ಇವರ ಸಾಕ್ಷಿ ಇಟ್ಕೊಳ್ಳೋಣ. ಇವರಿಗೆ ದನಿ ಇಲ್ದಿದ್ರೆ ನೀನೇ ಹೇಳಮ್ಮ. ದೇವರು ಮಿಷನ್ ಒಳಗೂ ಜೊತೆಗಿದ್ದು ಗುಣ ಮಾಡಿದ್ದು."

"ಇನ್ನೂ ಗುಣ ಆಗಿಲ್ಲ ಪಾಸ್ಟರ್," ಅಂದೆ.

"ವಿಶ್ವಾಸದಿಂದ ಹೇಳ್ಬೇಕು."

ಪ್ರಾರ್ಥನೆ ಅಮ್ಮ ಎಲ್ಲರ ಕೈಯನ್ನೂ ಒಬ್ಬೊಬ್ಬರದಾಗಿ ಮುಟ್ಟಿ ಕಳಿಸಿದರು. ಅವರು ಹೋದ ಮೇಲೆ ನನ್ನ ಕಿವಿ ಹತ್ತಿರ ಎಳೆದುಕೊಂಡು, "ಪಾಪ, ನಾನೂ ಹೀಗೇ ಹೇಳ್ತಿದ್ದೆ," ಅಂದರು.

ನಮ್ಮ ಸಭೆಯಲ್ಲಿ ಎದ್ದು ನಿಂತು, ದೇವರು ನನಗೆ ಇಂಥದ್ದು ಮಾಡಿದರು ಎಂದು ಸಾಕ್ಷಿ ಹೇಳುವವರೆಲ್ಲ ಗುಣವಾದವರೇ. ಗುಣವಾಗದವರು ಏನು ಕಂಡರು ಎಂದು ಯಾರೂ ಮೈಕು ಕೊಟ್ಟು ಕೇಳಿದ್ದಿಲ್ಲ.

ಆಮೇಲಿನ ವಾರ ಆದದ್ದು ಇದು. ಬಾಗಿಲಿನ ಅಡಿಯ ಪಟ್ಟಿ ಸವೆದಿತ್ತೆಂದು ರಿಪೇರಿಯವರು ಬಂದು ಹೊಸ ಪಟ್ಟಿ ಹಾಕಿಹೋಗಿದ್ದರು. ಸಂದಿ ಕಿರಿದಾಗಿತ್ತು. ಬೆಳಿಗ್ಗೆಯ ಗಡಿಬಿಡಿಯಲ್ಲಿ ನಮಗದು ಕಾಣಲಿಲ್ಲ. ದಾರ ಎಂದಿನಂತೆ ಹಾಸಿ ಬಾಗಿಲು ಮುಚ್ಚಿದೆವು. ಬಾಗಿಲು ದಾರವನ್ನು ಕಚ್ಚಿಕೊಂಡಿತು.

ನಾನು ಕೂರುವ ಜಾಗದಿಂದ ಎರಡೂ ಕಾಣುತ್ತದೆ. ಎದುರಿನ ಪರದೆಯಲ್ಲಿ ರೋಗಿ, ಎಡಕ್ಕೆ ತಿರುಗಿದರೆ ಬಾಗಿಲು. ಪರದೆಯಲ್ಲಿ ಬೆರಳು ಮಡಿಯಿತು, ಮತ್ತೆ ಮಡಿಯಿತು, ಆಮೇಲೆ ಇಡೀ ಕೈಯೇ ಎಳೆಯತೊಡಗಿತು. ಎಡಕ್ಕೆ ನೋಡಿದೆ. ಬಾಗಿಲ ಬುಡದಲ್ಲಿ ತಂಗಿ ಸ್ಟೂಲಿನಿಂದ ಇಳಿದು ಮೊಣಕಾಲೂರಿ, ಎರಡೂ ಕೈಯಲ್ಲಿ ದಾರ ಜಗ್ಗುತ್ತಿದ್ದರು. "ಅಕ್ಕ ಎಳೀತಾನೇ ಇಲ್ಲ ಕಣೇ, ಏನಾಯ್ತು ನೋಡೇ," ಅನ್ನುತ್ತಿದ್ದರು. ಇಬ್ಬರೂ ಎಳೆಯುತ್ತಿದ್ದರು. ಯಾರ ಎಳೆತವೂ ಇನ್ನೊಬ್ಬರಿಗೆ ಮುಟ್ಟುತ್ತಿರಲಿಲ್ಲ.

ಇಂಟರ್‌ಕಾಮಿನಲ್ಲಿ ಹೇಳೋಣವೆಂದು ಗುಂಡಿಗೆ ಕೈ ಹಾಕಿದೆ. ಅಷ್ಟರಲ್ಲಿ ಒಳಗೆ ಅವರ ಕೈ ಸಡಿಲವಾಗಿ ಮೇಜಿನ ಮೇಲೆ ಬಿತ್ತು. ಬಲಗೈ ಏಳಲಿಲ್ಲ. ದವಡೆ ಅಲುಗಲಿಲ್ಲ. ಬೀಮ್ ಅರ್ಧ ಹೋಗಿತ್ತು. "ಬಿಡು ಗುರು, ಅಲ್ಲಾಡ್ತಿಲ್ಲ, ಮುಗಿಸ್ಬಿಡೋಣ," ಅಂದ ನನ್ನ ಜೊತೆಯವನು. ಮುಗಿಸಿದೆವು.

ಒಳಗೆ ಹೋಗಿ ಮಾಸ್ಕ್ ಬಿಚ್ಚಿದೆ. ಜಾಲರಿಯ ಚೌಕ ಚೌಕ ಗುರುತು ಮುಖದ ತುಂಬ. ಪಿಸುಗುಟ್ಟಿದರು: "ಆ ಕಡೆ ಯಾರೂ ಇರ್ಲಿಲ್ಲ, ಅಲ್ವಾ."

"ಇದ್ರಮ್ಮ. ದಾರ ಬಾಗಿಲಿಗೆ ಸಿಕ್ಕೊಂಡಿತ್ತು. ನಿಮ್ಮ ತಂಗೀನೂ ಎಳೀತಾನೇ ಇದ್ರು. ನಾನು ನೋಡ್ದೆ."

ಬೆರಳಿಗೆ ಬಿಗಿದಿದ್ದ ದಾರವನ್ನು ಬಲಗೈಯಲ್ಲಿ ಸಡಿಲಿಸಿಕೊಂಡರು.

"ನೀನು ನೋಡ್ದೆ," ಅಂದರು.

"ಹೂಂ. ಇಬ್ಬರನ್ನೂ."

"ನಿನಗೆ ಕಾಣುತ್ತೆ. ಒಳಗಿರೋರಿಗೆ ಕಾಣಲ್ಲ ಮಗಳೇ."

ಇದರಿಂದ ಏನೋ ಒಂದು ಉಪದೇಶ ತೆಗೆಯಬಹುದು. ಪಾಸ್ಟರಿಗೆ ಹೇಳಿದ್ದರೆ ಮುಂದಿನ ಭಾನುವಾರವೇ ತೆಗೆಯುತ್ತಿದ್ದರು. ಅದಕ್ಕೇ ನಾನು ಹೇಳಲಿಲ್ಲ. ಹೊರಗಿನಿಂದ ಕಂಡದ್ದನ್ನು ಒಳಗಿದ್ದವರಿಗೆ ಸಮಾಧಾನ ಅಂತ ಕೊಡಲು ನನಗೆ ಮನಸ್ಸು ಬರಲಿಲ್ಲ. ಮಾರನೆಯ ದಿನ ಬಾಗಿಲ ಪಟ್ಟಿಯಲ್ಲಿ ದಾರಕ್ಕೆಂದು ಒಂದು ಕಚ್ಚು ಮಾಡಿಸಿದೆವು.

ಆ ಕಚ್ಚು ಹೆಚ್ಚು ದಿನ ಬೇಕಾಗಲಿಲ್ಲ. ಕತ್ತಿನ ಎಡಗಡೆ ಮೊದಲು ಇರದಿದ್ದ ಒಂದು ಗಂಟು ಮಾಸ್ಕಿಗೆ ತಗಲುತ್ತಿದೆ ಎಂದು ನನಗೇ ಅನುಮಾನ ಬಂತು. ದಿನಾ ಬೆರಳಲ್ಲಿ ಒತ್ತಿ ಕೂರಿಸುವವಳು ನಾನಲ್ಲವೇ. ಡಾಕ್ಟರಿಗೆ ಹೇಳಿದೆ, ಸ್ಕ್ಯಾನ್ ಆಯಿತು. ನಾವು ಸುಡುತ್ತಿದ್ದ ಹಾಗೇ ಅದು ಬೆಳೆದಿತ್ತು. ಶ್ವಾಸಕೋಶದಲ್ಲೂ ಚುಕ್ಕೆಗಳು.

ಡಾಕ್ಟರ್ ನನ್ನನ್ನೂ ಕೂರಿಸಿಕೊಂಡೇ ಹೇಳಿದರು. ಇನ್ನು ಕೊಟ್ಟರೆ ನೋವು ಮಾತ್ರ, ನಿಲ್ಲಿಸುವುದು ಒಳ್ಳೆಯದು, ನೋವಿಗೆ ಮಾತ್ರೆ ಪುಡಿ ಮಾಡಿ ಟ್ಯೂಬಿನಲ್ಲಿ ಕೊಡಬಹುದು, ಮನೆಗೆ ನರ್ಸ್ ಬರುತ್ತಾರೆ. ತಂಗಿ, "ಇನ್ನು ಸ್ವಲ್ಪ ದಿನ ತಾನೆ ಬಾಕಿ ಇತ್ತು ಡಾಕ್ಟ್ರೇ, ಮುಗಿಸ್ಬಿಡಿ," ಎಂದು ಮತ್ತೆ ಮತ್ತೆ ಕೇಳಿದರು. ಪ್ರಾರ್ಥನೆ ಅಮ್ಮ ಮಾತ್ರ ಡಾಕ್ಟರಿಗೆ ಸರಿ ಎಂದು ತಲೆಯಾಡಿಸಿ ಎದ್ದು ನಿಂತು, ನನ್ನ ಕಡೆ ಕೈಚಾಚಿದರು. ಏನು ಕೇಳುತ್ತಿದ್ದಾರೆ ಎಂದು ತಿಳಿಯಲು ಸ್ವಲ್ಪ ಹೊತ್ತಾಯಿತು. ದಾರ ಕೇಳುತ್ತಿದ್ದರು.

ಮುಗಿಸಿದ ರೋಗಿಗಳು ಮಾಸ್ಕ್ ಮನೆಗೆ ಒಯ್ಯುವುದುಂಟು, ಗೆದ್ದ ಗುರುತಿಗೆ. ಇವರದು ಕಪಾಟಿನಲ್ಲೇ ಉಳಿಯಿತು.

ಮುಂದಿನ ಭಾನುವಾರಗಳಲ್ಲಿ ಆರಾಧನೆ ಮುಗಿಸಿ ಹಲಸೂರಿಗೆ ಹೋಗುತ್ತಿದ್ದೆ. ಮೆಟ್ರೋ ಇಳಿದು ಕೆರೆಯ ಕಡೆಯ ಸಂದುಗಳಲ್ಲಿ ನಡೆದರೆ ಅವರ ಮನೆ: ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ. ಪಿಸುಮಾತೂ ನಿಂತಿತ್ತು. ಕರೆಯಬೇಕೆಂದರೆ ದನಿ ಇಲ್ಲ; ಅದಕ್ಕೆ ತಂಗಿ ಅದೇ ದಾರವನ್ನು ಅಕ್ಕನ ಬೆರಳಿಗೆ ಕಟ್ಟಿ, ಬಾಗಿಲ ಚೌಕಟ್ಟಿನ ಮೊಳೆಯ ಮೇಲಿಂದ ಅಡುಗೆಮನೆಗೆ ಎಳೆದು, ಗೋಡೆಗೆ ನೇತುಹಾಕಿದ ಸೌಟಿಗೆ ಕಟ್ಟಿದ್ದರು. ಅಕ್ಕ ಎಳೆದರೆ ಸೌಟು ಗೋಡೆಗೆ ಬಡಿದು ಟಣ್ ಅನ್ನುತ್ತಿತ್ತು. "ಬಂದೆ ಅಕ್ಕ" ಎಂದು ತಂಗಿ ಕೈ ಒರೆಸಿಕೊಂಡು ಬರುತ್ತಿದ್ದರು. "ನೋಡು, ನಿನ್ನ ಡಿಗ್ರಿ ನಮ್ಮನೆ ಅಡುಗೆಮನೆ ತನಕ ಬಂತು," ಎಂದು ನನಗೆ ಹೇಳಿದರು.

ನಾನು ಹೋದಾಗಲೆಲ್ಲ ಕಾಲ್ತುದಿಯಲ್ಲಿ ಕೂತು ಪಾದ ಹಿಡಿಯುತ್ತಿದ್ದೆ. ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಬಂದರೂ ಯಾರನ್ನು ಇದ್ದಾರೆ ಅನ್ನಲಿ? ಪಾದ ತಣ್ಣಗಿರುತ್ತಿತ್ತು, ಬೆಚ್ಚಗಾಗುವ ತನಕ ಹಿಡಿಯುತ್ತಿದ್ದೆ, ಬಿಟ್ಟರೆ ಮತ್ತೆ ತಣ್ಣಗಾಗುತ್ತಿತ್ತು.

ಕೊನೆಯ ಸಲ ಹೋದಾಗ ತಂಗಿಯೂ ಮಂಚದ ಹತ್ತಿರವೇ ಇದ್ದರು. ಆದರೂ ಅಡುಗೆಮನೆಯಲ್ಲಿ ಸೌಟು ಬಡಿಯುತ್ತಿತ್ತು. "ಇಲ್ಲೇ ಇದ್ದೀನಲ್ಲಕ್ಕ," ಎಂದು ತಂಗಿ ಅವರ ಗಲ್ಲ ಮುಟ್ಟಿದರು. ಪ್ರಾರ್ಥನೆ ಅಮ್ಮ ನಮ್ಮಿಬ್ಬರನ್ನೂ ನೋಡಿದರು, ಗುರುತು ಹಿಡಿದರು, ಮತ್ತೆ ಎಳೆದರು. ಟಣ್. ಸ್ವಲ್ಪ ಬಿಟ್ಟು ಮತ್ತೆ. ನಮ್ಮನ್ನು ಕರೆಯುತ್ತಿರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ ದಾರ ಹಿಡಿದು, ಒಮ್ಮೆ ವಾಪಸ್ಸು ಎಳೆಯೋಣವೆಂದು ನಿಂತೆ. ಎಳೆಯಲಿಲ್ಲ. ಆ ಉತ್ತರ ನನ್ನದಾಗಬಾರದು ಅನ್ನಿಸಿತು.

ಸುದ್ದಿ ಬಂದದ್ದು ಕೆಲಸದ ದಿನ, ಬೆಳಿಗ್ಗೆ. ಒಬ್ಬ ರೋಗಿಯನ್ನು ಮಲಗಿಸಿ, ತಿರುಗಿ ನೋಡಿ, ಬಾಗಿಲು ಮುಚ್ಚಿದ ಮೇಲೆ ಫೋನ್ ನೋಡಿದೆ. ಉಳಿದವರನ್ನು ನನ್ನ ಜೊತೆಯವನು ನೋಡಿಕೊಂಡ. "ಹೋಗು ಗುರು. ಅವರು ನಮ್ಮವರು," ಅಂದ.

ಹಲಸೂರಿನ ಮನೆಯಲ್ಲಿ ಸಭೆಯ ಹೆಂಗಸರು ತುಂಬಿದ್ದರು. ಮೈ ತೊಳೆಯಲು ನೀರು ಕಾಯುತ್ತಿತ್ತು. ಯಾರೋ ಗಲ್ಲಕ್ಕೆ ಬಟ್ಟೆ ಕಟ್ಟಿದರು. ಮಾಸ್ಕ್ ಬಿಗಿದಾಗ ಹೇಗಿತ್ತೋ ಹಾಗೇ ದವಡೆ ತನ್ನ ಜಾಗದಲ್ಲಿ ಕೂತಿತು. ಇನ್ನೊಬ್ಬರು ಹೆಬ್ಬೆರಳಿಗೆ ಕಟ್ಟಲು ಒಂದು ಚಿಂದಿ ಕೊಡಿ ಅಂದರು. ತಂಗಿ ಬಂದು, ಅಕ್ಕನ ಬೆರಳಿನಿಂದ ದಾರ ಬಿಚ್ಚಿ, ಆ ತುದಿಯನ್ನು ನನ್ನ ಕೈಗೆ ಕೊಟ್ಟರು.

"ಇದರಲ್ಲೇ ಕಟ್ಟು. ನೀನೇ ಕಟ್ಟು. ಅವತ್ತು ಒಂದೇ ಕಟ್ಟಿದ್ದೆ," ಎಂದು ಹೇಳಿ ಬಿಸಿನೀರು ಇಳಿಸಲು ಅಡುಗೆಮನೆಗೆ ಹೋದರು.

ಕಾಲ್ತುದಿಯಲ್ಲಿ ಕೂತೆ. ಪಾದ ಎರಡನ್ನೂ ಮಡಿಲಿಗೆ ತೆಗೆದುಕೊಂಡು, ಹೆಬ್ಬೆರಳು ಸೇರಿಸಿ, ದಾರವನ್ನು ಎಂಟರ ಹಾಗೆ ಸುತ್ತಿದೆ. ಇನ್ನೊಂದು ತುದಿ ಕತ್ತರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗಂಟು ಹಾಕಿ ಬಿಗಿಯಾಗಿ ಎಳೆದೆ.

ಅಡುಗೆಮನೆಯಲ್ಲಿ ಸೌಟು ಟಣ್ ಅಂದಿತು.

"ಬಂದೆ ಅಕ್ಕ," ಅಂದರು ತಂಗಿ.